ಹೂ ಕಟ್ಟಿದ ಬೋಟು

"ಯಾವಳೇ ಅವಳು ಮಾಸ್ಕಿಗೆ ಉಗುಳಿದ್ದು? ಬಾಯಿ ಬಿಡ್ರೇ, ಯಾವಳು?"

ರೆಸಾರ್ಟಿನ ಧಣಿ ತೊಟ್ಟಿಯ ಪಕ್ಕ ನಿಂತು ಅರಚುತ್ತಿದ್ದಾಗ ಚಿಪ್ಪಕ್ಕನ ಎರಡೂ ಕೈ ಮೊಣಕೈವರೆಗೆ ಒಂದು ರಬ್ಬರ್ ಅಂಗಿಯ ಕಾಲಿನೊಳಗೆ ಹೊಕ್ಕಿದ್ದವು. ಕಡಲಿನಡಿ ಹವಳ ನೋಡಲು ಇಳಿಯುವ ಅತಿಥಿಗಳು ಕತ್ತಿನಿಂದ ಹಿಮ್ಮಡಿಯವರೆಗೆ ಮೈಗೆ ಬಿಗಿಯಾಗಿ ತೊಡುವ ಅಂಗಿ ಅದು. ನೀರೊಳಗೆ ಚಳಿ ಹತ್ತಿದಾಗ ಅವರು ಅದರೊಳಗೇ ಉಚ್ಚೆ ಹೊಯ್ದುಕೊಳ್ಳುತ್ತಾರೆ. ಒಂದು ಗಳಿಗೆ ಮೈ ಬೆಚ್ಚಗಾಗುತ್ತದಂತೆ. ಬೆಳಗಿನ ತಂಡ ಕಳಚಿ ಎಸೆದ ಅಂಗಿಗಳು ತೊಟ್ಟಿಗೆ ಬಿದ್ದಾಗ ಏಳುವ ನಾತಕ್ಕೆ ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರು ಗೋಡೆಯ ಮೂಲೆಗೆ ಓಡಿ ವಾಂತಿ ಮಾಡಿಕೊಳ್ಳುವುದಿತ್ತು. ಚಿಪ್ಪಕ್ಕನ ಮೂಗು ಎಂದೋ ಸತ್ತುಹೋಗಿತ್ತು.

"ನಾನೇ ಧಣಿ," ಎಂದಳು. "ಆಯಮ್ಮಂಗೆ ಗಾಜು ಮಂಜು ಹಿಡೀತಿತ್ತು. ಒಂಚೂರು ಉಗುಳಿ ತೊಳೆದ್ರೆ ಹಿಡಿಯಲ್ಲ ಅಂತ..."

"ಅದು ನಂಗೆ ಗೊತ್ತಿಲ್ವಾ? ನೀನು ನಂಗೆ ಹೇಳ್ಕೊಡ್ತೀಯಾ? ಅವರ ಮಾಸ್ಕಿಗೆ ಅವರು ಉಗುಳ್ಕೋತಾರೆ. ನಿನ್ನ ಎಂಜಲನ್ನ ಅವರು ಮುಖಕ್ಕೆ ಬಳ್ಕೋಬೇಕೇನೇ, ಮುಂಡೆ?"

ಅವನ ಬೆನ್ನ ಹಿಂದೆ ನಿಂತಿದ್ದ ಅತಿಥಿ ಹೆಂಗಸು ಏನೂ ತಿಳಿಯದೆ ನಗುತ್ತಿದ್ದಳು. ಮುಳುಗುವಾಗ ಕಣ್ಣು ಮೂಗು ಮುಚ್ಚುವ ಆ ಗಾಜಿನ ಮಾಸ್ಕು ಅವಳಿಗೆ ಹಿಡಿಸಿತ್ತು, ಮತ್ತೆ ಕೊಡಿ ಎಂದು ಕೈ ಚಾಚಿದಳು. ಧಣಿ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಎಸೆಯುವಂತೆ ಕಸದ ಡ್ರಮ್ಮಿಗೆ ಎಸೆದ. ಒಳಗಿಂದ ಹೊಸದೊಂದು ತರಿಸಿಕೊಟ್ಟು, ಮುಖದ ತುಂಬ ನಗು ತುಂಬಿಕೊಂಡು ಆಕೆಯನ್ನು ಕಳಿಸಿದ. ಆಮೇಲೆ ಇತ್ತ ತಿರುಗಿದ.

"ಇವತ್ತು ಮಂತ್ರಿಗಳು ಬರ್ತಾರೆ. ಒಬ್ಬೊಬ್ಬಳೂ ಬಾಯಿಗೆ ಬಟ್ಟೆ ಕಟ್ಕೊಳ್ಳಿ. ಯಾರ ಹಲ್ಲೂ ಕಾಣಬಾರದು. ಉಗುಳೋದು, ಕೆಮ್ಮೋದು, ಮಾತಾಡೋದು ಏನೂ ಬೇಡ."

ತೊಟ್ಟಿಯ ಸುತ್ತ ಕೂತಿದ್ದ ಹೆಂಗಸರು ಒರೆಸುವ ಬಟ್ಟೆಗಳನ್ನೇ ಹರಿದು ಬಾಯಿಗೆ ಕಟ್ಟಿಕೊಂಡರು.

ಆ ದ್ವೀಪದ ಸುತ್ತಲಿನ ಕಡಲನ್ನು ಸರ್ಕಾರ ಉದ್ಯಾನ ಎಂದು ಸಾರಿದ ದಿನದಿಂದ ಅಲ್ಲಿ ಬಲೆ ಬೀಸುವುದು ಕಳ್ಳತನವಾಗಿತ್ತು. ಕೇರಿಯ ದೋಣಿಗಳನ್ನೆಲ್ಲ ಕಾವಲಿನವರು ಎಳೆದೊಯ್ದರು. ಹೆಚ್ಚಿನವು ಸೌದೆಯಾದವು. ಚಿಪ್ಪಕ್ಕನ ಅಪ್ಪನ ದೋಣಿ ಹಳೆಯ ಕಾಲದ್ದು, ಒಳ್ಳೆಯ ಮರದ್ದು. ಧಣಿ ಅದನ್ನು ನಡುವಿಗೆ ಕೊಯ್ಯಿಸಿ, ಬಣ್ಣ ಕೆರೆಸಿ, ಮಿರಮಿರ ಎಣ್ಣೆ ಬಳಿಸಿ ಅತಿಥಿಗಳು ಬಂದು ನಿಲ್ಲುವ ಕೋಣೆಯಲ್ಲಿ ಮೇಜು ಮಾಡಿಸಿದ್ದ. ಅದರ ಮೇಲೆ ತಣ್ಣನೆಯ ಪಾನೀಯದ ಲೋಟಗಳನ್ನು ಸಾಲಾಗಿ ಇಡುತ್ತಿದ್ದರು.

ಹೊಟ್ಟೆಗಿಲ್ಲದ ಆ ದಿನಗಳಲ್ಲಿ ಅವಳು ನೀರು ಇಳಿದ ಹೊತ್ತು ನೋಡಿ ಬಂಡೆಗಳ ನಡುವೆ ಚಿಪ್ಪು ಹೆಕ್ಕಲು ಹೋಗಿ ಸಿಕ್ಕಿಬಿದ್ದಿದ್ದಳು. ಉದ್ಯಾನದ ಅಧಿಕಾರಿ ಅವಳನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಬುಟ್ಟಿಯಲ್ಲಿದ್ದ ಚಿಪ್ಪುಗಳಿಗೆ ತೂತು ಕೊರೆಸಿ, ಹಾರ ಪೋಣಿಸಿ, ಅವಳ ಕೊರಳಿಗೆ ಹಾಕಿಸಿದ. ಪ್ರವಾಸಿಗಳ ಹಡಗು ಬಂದು ಜನ ಇಳಿದು, ಮತ್ತೆ ಜನ ಹತ್ತಿ ಹಡಗು ಹೊರಡುವ ತನಕ ಕಟ್ಟೆಯ ಮೇಲೆ ನಿಲ್ಲಿಸಿದ. ಚಿಪ್ಪಿನೊಳಗಿನ ಹುಳ ಬಿಸಿಲಿಗೆ ಸತ್ತು ಎದೆಯ ಮೇಲೆ ಸೋರುತ್ತಿತ್ತು. ಪ್ರವಾಸಿಗಳು ಅದೂ ಒಂದು ನೋಟವೆಂದುಕೊಂಡು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಂದಿನಿಂದ ಅವಳು ಚಿಪ್ಪಕ್ಕ. ಕೇರಿಯವರು ಮೊದಮೊದಲು ಕನಿಕರದಿಂದ ಕರೆದರು, ಆಮೇಲೆ ಅದೇ ಹೆಸರಾಗಿ ಅಂಟಿಕೊಂಡಿತು.

ಅವಳಿಗಿದ್ದವನು ಒಬ್ಬನೇ ತಮ್ಮ. ಅವ್ವ ಸತ್ತಾಗ ಮೊಣಕಾಲುದ್ದ ಇದ್ದ. ಚಿಪ್ಪಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮುಳುಗಿದರೆ ಎಲ್ಲೋ ಏಳುವುದು, ಎದ್ದರೆ ಮತ್ತೆ ಮುಳುಗುವುದು. ಕಪ್ಪನೆ ಮೈ, ಉದ್ದ ಕುತ್ತಿಗೆ. ಕೇರಿಯವರು ಅವನನ್ನು ನೀರುಕಾಗೆ ಎಂದರು. ಈಗ ಧಣಿಯ ಹತ್ತಿರ ಅತಿಥಿಗಳನ್ನು ಇಳಿಸುವ ಕೆಲಸ. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಅವರಿಗಿಂತ ಮೊದಲು ಇಳಿಯಬೇಕು, ಅವರ ಕಂಕುಳಿಗೆ ಕೈ ಕೊಟ್ಟು ಹಿಡಿದಿರಬೇಕು, ಆಮೆ ಬಂದರೆ ತೋರಿಸಬೇಕು, ಅವರು ಹೆದರಿ ಒದೆದರೆ ಒದೆಸಿಕೊಳ್ಳಬೇಕು, ಎಲ್ಲರೂ ಮೇಲೆ ಹೋದ ಮೇಲೆ ತಾನು ಏಳಬೇಕು. ಅವರು ತೆಗೆದ ಫೋಟೋಗಳಲ್ಲಿ ಒಂದು ಕಪ್ಪು ಕೈ ಮಾತ್ರ ಬಿದ್ದಿರುತ್ತಿತ್ತು.

ಅಂದು ಅವನು ಬೆಳಗಿನಿಂದ ಅತಿಥಿಗಳ ಜೊತೆ ಇರಲಿಲ್ಲ. ಕಲ್ಲಿನ ಜೊತೆ ಇದ್ದ.

ಮಂತ್ರಿಗಳ ಹೆಸರು ಕೆತ್ತಿದ ಕರಿಕಲ್ಲು ಅದು. ಹವಳದ ದಿಬ್ಬದ ಮೇಲೆ, ಹೆಚ್ಚು ಆಳವಿಲ್ಲದ ಕಡೆ ಅದನ್ನು ನಿಲ್ಲಿಸಿ, ಪರದೆ ಇಳಿಬಿಟ್ಟು, ಮಂತ್ರಿಗಳು ನೀರೊಳಗೆ ಇಳಿದು ಪರದೆ ಸರಿಸಿ ಉದ್ಯಾನವನ್ನು ಉದ್ಘಾಟಿಸುವುದು ಎಂದು ಗೊತ್ತಾಗಿತ್ತು. ಕ್ಯಾಮೆರಾದವರು ಹಿಂದಿನ ದಿನವೇ ಬಂದಿದ್ದರು. ಬೆಳಿಗ್ಗೆ ಕಲ್ಲು ಇಳಿಸುವಾಗ ಹಗ್ಗ ಕಿತ್ತುಬಂತು. ಕಲ್ಲು ದಿಬ್ಬದ ಅಂಚಿನಿಂದ ಜಾರಿ, ಬೆಳಕು ಮಸುಕಾಗುವ ಆಳಕ್ಕೆ ಹೋಗಿ ಬಿತ್ತು.

ನೀರುಕಾಗೆಯನ್ನು ಇಳಿಸಿದರು. ಹೋಗಿ ಹಗ್ಗ ಬಿಗಿದು ಬಂದ. ಮೇಲಿನವರು ಎಳೆದರು, ಜಾರಿತು. ಮತ್ತೆ ಹೋದ. ಕಲ್ಲು ಅರ್ಧ ದೂರ ಬಂದು ಹವಳಕ್ಕೆ ಸಿಕ್ಕಿಕೊಂಡಿತು. ಹೋಗಿ ಬಿಡಿಸಿದ. ಬಿಡಿಸಿದರೆ ಮತ್ತೆ ಕೆಳಕ್ಕೆ ಜಾರಿತು. ಹಗ್ಗದ ಜೊತೆ ಮುರಿದ ಹವಳದ ಕೊಂಬೆಗಳು ಸಿಕ್ಕಿಕೊಂಡು ಬೋಟಿನೊಳಕ್ಕೆ ಬಂದವು. ಅಧಿಕಾರಿ ಸುತ್ತ ಒಮ್ಮೆ ನೋಡಿ, ಬೂಟುಗಾಲಿಂದ ಅವನ್ನು ನೀರಿಗೆ ಒದ್ದ.

ಮೇಲಕ್ಕೂ ಕೆಳಕ್ಕೂ ಓಡಾಡಿ ತಮ್ಮನ ಕಣ್ಣು ಕೆಂಡವಾಗಿದ್ದವು. ಹೊಸ ಸಿಲಿಂಡರಿಗೆಂದು ಬೋಟು ಕಟ್ಟೆಗೆ ಬಂದಾಗ ಚಿಪ್ಪಕ್ಕ ತೊಳೆದ ಅಂಗಿಗಳ ಹೊರೆ ಹೊತ್ತು ಅಲ್ಲೇ ನಿಂತಿದ್ದಳು. ಅತಿಥಿಗಳಿಗೆ ಮುಳುಗುವುದನ್ನು ಕಲಿಸುವ ಮಾಸ್ತರ, ಪಟ್ಟಣದ ಹುಡುಗ, ಧಣಿಯ ಮುಂದೆ ಕೈ ಹಿಸುಕಿಕೊಳ್ಳುತ್ತಿದ್ದ.

"ಇನ್ನು ಸಾಕು ಸಾರ್. ಅಷ್ಟು ಆಳಕ್ಕೆ ಇಷ್ಟು ಸಲ ಯಾರನ್ನೂ ಇಳಿಸೋ ಹಾಗಿಲ್ಲ. ನಡುವೆ ಬಿಡುವು ಕೊಡ್ಬೇಕು. ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತೆ."

"ಅದೆಲ್ಲ ಪುಸ್ತಕ ಓದ್ಕೊಂಡು ಇಳಿಯೋರಿಗೆ ಕಣ್ರೀ," ಎಂದ ಧಣಿ. "ಇವನು ನೀರಲ್ಲೇ ಹುಟ್ಟಿದೋನು. ಅಲ್ವೇನೋ ಕಾಗೆ? ಇವರಪ್ಪಂದಿರೆಲ್ಲ ಯಾವ ಲೆಕ್ಕ ಇಟ್ಕೊಂಡು ಮುಳುಗಿದ್ರು?"

ಅಧಿಕಾರಿ ಗಡಿಯಾರ ನೋಡಿಕೊಂಡ. ದನಿ ಏರಿಸದೆ ಮಾತಾಡುವುದು ಅವನ ಅಭ್ಯಾಸ. "ಮಂತ್ರಿಗಳು ಬರೋ ಹೊತ್ತಿಗೆ ಕಲ್ಲು ಜಾಗದಲ್ಲಿ ಇರ್ಬೇಕು. ನಿಮ್ಮ ಕೇರಿ ಉದ್ಯಾನದ ಗಡಿಯೊಳಗೆ ಬರುತ್ತೆ ಅಂತ ಮೇಲಿನೋರು ಕೇಳ್ತಾನೇ ಇದಾರೆ. ನಾನೇ ತಡೆದಿಟ್ಕೊಂಡಿದೀನಿ. ಹೇಗೆ ಮಾಡ್ತೀಯೋ ನೋಡು."

"ಹೋಗಬೇಡ್ವೋ," ಎಂದಳು ಚಿಪ್ಪಕ್ಕ, ಬಟ್ಟೆ ಕಟ್ಟಿದ ಬಾಯಿಂದಲೇ.

ತಮ್ಮ ಹಲ್ಲು ಬಿಟ್ಟ. "ಇನ್ನೊಂದ್ಸಲ ಅಷ್ಟೇ ಕಣಕ್ಕ. ಮಂತ್ರಿ ಹೆಸರು ಭಾರ ಇದೆ, ನೀರಲ್ಲೂ ತೇಲಲ್ಲ."

ಇನ್ನೊಂದು ಸಲ ಎಂದದ್ದು ಒಂದಕ್ಕೇ ನಿಲ್ಲಲಿಲ್ಲ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಲ್ಲು ದಿಬ್ಬದ ಮೇಲೆ ನಿಂತಿತು. ಅದು ಹತ್ತಿ ಬಂದ ದಾರಿಯುದ್ದಕ್ಕೂ ಹವಳ ಉಜ್ಜಿ ಪುಡಿಯಾಗಿತ್ತು. ಕ್ಯಾಮೆರಾಕ್ಕೆ ಆ ಕಡೆ ಕಾಣದಂತೆ ಪರದೆಯನ್ನು ಅಗಲ ಮಾಡಿಸಿದರು.

ತಮ್ಮ ತೊಟ್ಟಿಯ ಹತ್ತಿರ ಬಂದಾಗ ಭುಜ ಕೆರೆದುಕೊಳ್ಳುತ್ತಿದ್ದ. "ಮೈಯೆಲ್ಲ ಇರುವೆ ಹರಿದಂಗೆ ಆಗ್ತಿದೆ. ಒಂದು ಚೊಂಬು ಸಿಹಿನೀರು ಹುಯ್ಯೇ."

ಅವಳು ಹುಯ್ದಳು. ಬೆನ್ನ ಮೇಲೆ, ಹೊಟ್ಟೆಯ ಮೇಲೆ ನೀಲಿಗೆಂಪು ಮಚ್ಚೆಗಳು ಎದ್ದಿದ್ದವು. "ಏನೋ ಇದು, ಜೆಲ್ಲಿ ಮೀನು ತಾಗ್ತಾ?" ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ಮೊಣಕೈ ಮಡಿಸಲು ಹೋಗಿ ಮುಖ ಕಿವಿಚಿದ. ಯಾರೋ ಕೀಲಿನೊಳಗೆ ಸ್ಕ್ರೂ ತಿರುಗಿಸಿದ ಹಾಗಿದೆ ಎಂದ. ಆಮೇಲೆ ನಡು ಹಿಡಿದುಕೊಂಡ. ಗೋಡೆಯ ಹಿಂದಕ್ಕೆ ಉಚ್ಚೆಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಅವಳು ಕೂಗಿದಳು.

"ಬರ್ತಿಲ್ಲ ಕಣಕ್ಕ," ಎಂದ ಅಲ್ಲಿಂದ. ದನಿ ಮಗುವಿನದಾಗಿತ್ತು. "ಹೊಟ್ಟೆ ಬಿರೀತಿದೆ, ಉಚ್ಚೆ ಬರ್ತಿಲ್ಲ."

ಅವಳು ಓಡಿ ಹೋಗುವಷ್ಟರಲ್ಲಿ ಗೋಡೆಗೆ ಕೈ ಕೊಟ್ಟು ನಿಂತಿದ್ದವನು ಹಾಗೇ ಕೆಳಕ್ಕೆ ಜಾರಿದ. ಕಾಲು ಎರಡೂ ಬೇರೆಯವರ ಕಾಲಿನ ಹಾಗೆ ಮಣ್ಣಿನ ಮೇಲೆ ಅಡ್ಡಾದಿಡ್ಡಿ ಬಿದ್ದುಕೊಂಡವು.

ಮಾಸ್ತರ ಬಂದು ನೋಡಿದ. ಬಗ್ಗಿ ಅಂಗಾಲು ಮುಟ್ಟಿದ, ಗೊತ್ತಾಗುತ್ತಾ ಎಂದು ಕೇಳಿದ. ಅವನ ಮುಖದ ಬಣ್ಣ ಹೋಯಿತು. ಜೇಬಿನಿಂದ ಫೋನು ತೆಗೆದು ಆಚೆ ದಡದ ಬಂದರಿನ ಆಸ್ಪತ್ರೆಗೆ ಮಾಡಿದ. ಹೂಂ, ಹೂಂ ಎಂದು ಕೇಳಿಸಿಕೊಂಡು ಇಟ್ಟ.

"ನಾನು ಹೇಳಿದ್ದೇ ಆಯ್ತು. ಗಾಳಿಗುಳ್ಳೆ ಬೆನ್ನುಹುರಿಗೆ ಹೋಗಿದೆ. ಅಲ್ಲಿ ಒಂದು ಕಬ್ಬಿಣದ ಕೋಣೆ ಇದೆ, ಅದರೊಳಗೆ ಮಲಗಿಸಿ ಗಾಳಿ ಒತ್ತಬೇಕು. ಈಗಲೇ ಕರ್ಕೊಂಡು ಬನ್ನಿ, ದಾರಿಯುದ್ದಕ್ಕೂ ಆಕ್ಸಿಜನ್ ಕೊಡಿ ಅಂದ್ರು."

"ಸಿಲಿಂಡರು ಇಲ್ಲೇ ರಾಶಿ ಬಿದ್ದಿವೆಯಲ್ಲಪ್ಪಾ!"

"ಇವುಗಳಲ್ಲಿ ಬರೀ ಗಾಳಿ ಕಣಮ್ಮ. ಆಕ್ಸಿಜನ್ ಇರೋದು ಒಂದೇ, ಆ ಹಸಿರು ಪೆಟ್ಟಿಗೆಯಲ್ಲಿ. ಅದನ್ನ..." ಅವನು ಕಟ್ಟೆಯ ಕಡೆ ನೋಡಿದ. "ಅದನ್ನ ಮಂತ್ರಿಗಳ ಬೋಟಿಗೆ ಹಾಕಿದಾರೆ."

ಮಂತ್ರಿಗಳ ಭದ್ರತೆಗೆಂದು ಅಂದು ಆಚೆ ದಡಕ್ಕೆ ಹೋಗುವ ಜನರ ಹಡಗನ್ನು ನಿಲ್ಲಿಸಿದ್ದರು. ಕಾವಲಿನವರ ಒಂದು ಸಣ್ಣ ಬೋಟು, ಮಂತ್ರಿಗಳಿಗೆಂದು ಸಿಂಗರಿಸಿದ ಒಂದು ದೊಡ್ಡ ಬೋಟು, ಇಷ್ಟೇ ಕಟ್ಟೆಯಲ್ಲಿದ್ದದ್ದು.

ಚಿಪ್ಪಕ್ಕ ಒದ್ದೆ ಬಟ್ಟೆಯಲ್ಲೇ ಓಡಿದಳು. ಅತಿಥಿಗಳ ಕೋಣೆಯ ನುಣುಪು ನೆಲದ ಮೇಲೆ ಅವಳ ಕಾಲಿನ ಕೆಸರು ಸಾಲಾಗಿ ಬಿತ್ತು. ಧಣಿಯೂ ಅಧಿಕಾರಿಯೂ ಅವಳ ಅಪ್ಪನ ದೋಣಿಗೆ ಒರಗಿ ನಿಂತು ಹಾರಗಳ ಬುಟ್ಟಿ ನೋಡುತ್ತಿದ್ದರು. ಬಾಯಿಯ ಬಟ್ಟೆಯನ್ನು ಕಿತ್ತು ಹಾಕಿ ಅವರ ಕಾಲಿಗೆ ಬಿದ್ದಳು.

"ನನ್ನ ತಮ್ಮಂಗೆ ಕಾಲು ಹೋಗಿದೆ ಧಣಿ. ಒಂದು ಬೋಟು ಕೊಡಿ. ಆ ಹಸಿರು ಪೆಟ್ಟಿಗೆ ಕೊಡಿ. ನಿಮ್ಮ ಎಂಜಲು ತಿಂದ್ಕೊಂಡು ಬಿದ್ದಿರ್ತೀನಿ, ಜೀವ ಇರೋ ತನಕ ನಿಮ್ಮ ಉಚ್ಚೆ ಬಟ್ಟೆ ತೊಳೀತೀನಿ."

"ಏಳೇ ಮೇಲೆ. ಮೆಲ್ಲಗೆ ಮಾತಾಡು," ಎಂದ ಧಣಿ, ಬಾಗಿಲ ಕಡೆ ನೋಡುತ್ತ. "ಕಾಲು ಜೋಮು ಹಿಡಿದಿರುತ್ತೆ. ತಿಕ್ಕು, ಹೋಗುತ್ತೆ."

"ಜೋಮಲ್ಲ ಧಣಿ. ಮಾಸ್ತರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಾರೆ."

"ಮಾಸ್ತರಿಗೆ ಕೆಲಸ ಜಾಸ್ತಿ ಆಗಿದೆ ಅನ್ಸುತ್ತೆ. ನೋಡು, ಆಕ್ಸಿಜನ್ ಇಲ್ದೆ ಮಂತ್ರಿಗಳನ್ನ ನೀರಿಗೆ ಇಳಿಸೋ ಹಾಗಿಲ್ಲ. ಅದು ಕಾನೂನು. ಅವರ ಪ್ರಾಣಕ್ಕೆ ಏನಾದ್ರೂ ಆದ್ರೆ ನೀನು ಬಂದು ಜೈಲಿಗೆ ಹೋಗ್ತೀಯಾ? ಕಾರ್ಯಕ್ರಮ ಮುಗೀಲಿ. ಮುಗಿದ ತಕ್ಷಣ ನಾನೇ ಕಳಿಸ್ತೀನಿ."

"ಅಷ್ಟೊತ್ತಿಗೆ ಅವನು..."

ಅಧಿಕಾರಿ ನಡುವೆ ಬಾಯಿ ಹಾಕಿದ. "ಕುಡಿದಿದ್ನಾ ನೋಡಿ. ಕುಡಿದು ಮುಳುಗ್ತಾರೆ ಇವರು."

"ಬೆಳಿಗ್ಗೆಯಿಂದ ಒಂದು ತುತ್ತು ಅನ್ನ ಕುಡಿದಿಲ್ಲ, ನೀರು ಕುಡಿದಿಲ್ಲ, ನಿಮ್ಮ ಕಣ್ಣ ಮುಂದೆನೇ ಇದ್ನಲ್ಲ ಸಾಹೇಬ್ರೇ!" ಗಾಬರಿಗೆ ಅವಳ ಮಾತು ತಲೆಕೆಳಗಾಗುತ್ತಿತ್ತು. "ನೀವೇ ಇಳಿಸಿದ್ದು. ನೀವೇ ಅಲ್ವಾ ಇನ್ನೊಂದ್ಸಲ, ಇನ್ನೊಂದ್ಸಲ ಅಂದಿದ್ದು?"

"ನಾನ್ಯಾಕೆ ಇಳಿಸ್ಲಿ? ಅವನು ಇಲಾಖೆಯೋನಲ್ಲ," ಎಂದ ಅಧಿಕಾರಿ.

"ನಮ್ಮ ಸ್ಟಾಫೂ ಅಲ್ಲ," ಎಂದ ಧಣಿ. "ಪಾಪ ಅಂತ ಬರೋದು, ಹೋಗೋದು ಬಿಟ್ಕೊಂಡಿದೀವಿ. ಎಲ್ಲಿದಾನೆ ಈಗ? ದಾರೀಲಿ ಬಿದ್ದಿದಾನಾ? ಥೂ, ಮಂತ್ರಿಗಳು ಆ ಕಡೆಯಿಂದಲೇ ಬರೋದು! ಹಿಂದಿನ ಕೋಣೆಗೆ ಹಾಕ್ರೋ ಅವನನ್ನ. ಬಾಗಿಲು ಮುಚ್ಚಿ."

ಇಬ್ಬರು ಆಳುಗಳು ಬಂದು ಅವನನ್ನು ಕೈಕಾಲು ಹಿಡಿದು ಎತ್ತಿ, ರಬ್ಬರ್ ಅಂಗಿಗಳನ್ನು ತೂಗುಹಾಕುವ ಕೋಣೆಯಲ್ಲಿ ಒದ್ದೆ ರಾಶಿಯ ಮೇಲೆ ಮಲಗಿಸಿದರು. ಮೇಲಿನ ಕಂಬಿಯಿಂದ ಅಂಗಿಗಳು ತಲೆಯಿಲ್ಲದ ಮನುಷ್ಯರ ಹಾಗೆ ಜೋತಾಡುತ್ತ, ಅವನ ಮೇಲೆ ತೊಟತೊಟ ತೊಟ್ಟಿಕ್ಕುತ್ತಿದ್ದವು.

ಸುದ್ದಿ ಕೇಳಿ ತಮ್ಮನ ಹೆಂಡತಿ ಬಂದಳು. ಅತಿಥಿಗಳ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸ ಅವಳದು. ಮಾತು ಕಡಿಮೆ. ಮದುವೆಯಾಗಿ ಬಂದಾಗ ಇವಳಿಗೆ ನಾಲಿಗೆ ಇದೆಯೋ ಇಲ್ಲವೋ ಎಂದು ಚಿಪ್ಪಕ್ಕನೇ ತಮಾಷೆ ಮಾಡಿದ್ದುಂಟು. ಕಂಕುಳಲ್ಲಿ ಮಡಚಿದ ಬಿಳಿ ಚಾದರ ಹಾಗೇ ಇತ್ತು, ಇಟ್ಟು ಬರಲೂ ತೋಚಿರಲಿಲ್ಲ. ಗಂಡನ ಪಕ್ಕ ಕುಕ್ಕರಿಸಿ, ತಲೆಯ ಪಿನ್ನು ತೆಗೆದು, ಅವನ ಅಂಗಾಲಿಗೆ ಚುಚ್ಚಿದಳು. ರಕ್ತದ ಚುಕ್ಕೆ ಮೂಡಿತು. ಅವನು ಮೇಲೆ ತೂಗುವ ಅಂಗಿಗಳನ್ನೇ ನೋಡುತ್ತಿದ್ದ. ಮೊಣಕಾಲಿಗೆ ಚುಚ್ಚಿದಳು. ತೊಡೆಗೆ ಚುಚ್ಚಿದಳು.

"ಏನೇ ಮಾಡ್ತಿದೀಯಾ ಅಲ್ಲಿ?" ಎಂದ ಅವನು. "ಕಾಲು ಮುಟ್ಟು ಒಂಚೂರು. ಇದೆಯಾ?"

"ಇದೆ," ಎಂದಳು ಅವಳು.

"ಉಸಿರು ಹಿಡಿದಂಗೆ ಆಗ್ತಿದೆ ಕಣೇ. ನೀರಲ್ಲಿ ಎಷ್ಟೊತ್ತಾದ್ರೂ ಹಿಡ್ಕೊಂಡಿರ್ತಿದ್ದೆ. ಹೊರಗೆ ಆಗ್ತಿಲ್ಲ ನೋಡು." ನಗಲು ಹೋದ, ಕೆಮ್ಮು ಬಂತು, ತುಟಿಯ ಅಂಚಿಗೆ ನೊರೆ ಬಂತು.

ಹೊರಗೆ ವಾದ್ಯ ಶುರುವಾಯಿತು. ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದರು. ಚಿಪ್ಪಕ್ಕ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು. ಬಾಗಿಲ ಸಂದಿಯಲ್ಲಿ ತೊಟ್ಟಿಯ ಹೆಂಗಸರ ಮುಖಗಳು, ಮೂಗಿನಿಂದ ಕೆಳಗೆ ಬಟ್ಟೆ ಕಟ್ಟಿದ ಮುಖಗಳು, ಬರೀ ಕಣ್ಣು.

ತಮ್ಮನ ಹೆಂಡತಿ ಎದ್ದಳು. ಚಾದರವನ್ನು ಒಂದು ಸಲ ಒದರಿ ನೆಲಕ್ಕೆ ಹಾಸಿದಳು. ಹಾಸಿಗೆಗೆ ಹಾಸುವಾಗ ಮಾಡುವ ಹಾಗೆ ಮೂಲೆಗಳನ್ನು ಅಂಗೈಯಿಂದ ಸರಿಮಾಡಿದಳು.

"ಅಕ್ಕಾ, ಅಳ್ಬೇಡ. ಆ ಕಡೆ ಹಿಡಿ," ಎಂದಳು. ಬಾಗಿಲ ಕಡೆ ತಿರುಗಿ ಹೇಳಿದಳು: "ನೀವೂ ಬನ್ರೇ. ಏನು ನೋಡ್ತಾ ನಿಂತಿದೀರಿ, ಜಾತ್ರೇನಾ?"

ಅವರು ಬಂದರು. ಅವನನ್ನು ಚಾದರಕ್ಕೆ ಉರುಳಿಸಿ, ಅಂಚುಗಳನ್ನು ಮುಷ್ಟಿಗೆ ಸುತ್ತಿಕೊಂಡು ಎತ್ತಿದರು. ಚಾದರ ನಡುವೆ ತೊಟ್ಟಿಲಿನ ಹಾಗೆ ಜಗ್ಗಿತು. ಹಿಂದಿನ ಬಾಗಿಲಿನಿಂದ ಹೊರಟು ಡೀಸೆಲ್ ಪೀಪಾಯಿಗಳ ಪಕ್ಕದಲ್ಲಿ ಹಾದು ಕಟ್ಟೆಗೆ ಇಳಿದರು.

ಮಂತ್ರಿಗಳು ಆಗ ಬಟ್ಟೆ ಬದಲಿಸುವ ಕೋಣೆಯಲ್ಲಿದ್ದರು. ರಬ್ಬರ್ ಅಂಗಿ ಹೊಟ್ಟೆಯ ಹತ್ತಿರ ಹತ್ತುತ್ತಿರಲಿಲ್ಲ. ಇಬ್ಬರು ಪೌಡರು ಸುರಿದು ಎಳೆಯುತ್ತಿದ್ದರು, ಒಬ್ಬ ಹಿಂದಿನಿಂದ ಜಿಪ್ಪು ಹಿಡಿದಿದ್ದ. ಹೊರಗಿನವರೆಲ್ಲ ಆ ಬಾಗಿಲನ್ನೇ ಕಾಯುತ್ತಿದ್ದರು. ಹಾಗಾಗಿ ಹೆಂಗಸರನ್ನು ಮೊದಲು ಕಂಡದ್ದು ಕಟ್ಟೆಯ ತುದಿಯಲ್ಲಿದ್ದ ಒಬ್ಬ ಕಾವಲುಗಾರ.

"ಏಯ್, ಏಯ್! ಎಲ್ಲಿಗೆ? ಏನಿದು?"

"ಹೆಣ," ಎಂದಳು ತಮ್ಮನ ಹೆಂಡತಿ. "ಮುಟ್ತೀಯಾ?"

ಅವನು ಹಿಂದೆ ಸರಿದ. ಸರಿದದ್ದು ಒಂದೇ ಗಳಿಗೆ, ಅಷ್ಟರಲ್ಲಿ ಅವರು ಬೋಟಿಗೆ ಇಳಿದಿದ್ದರು.

ಬೋಟಿನ ಸುತ್ತ ಹೂವಿನ ಸರ ಸುತ್ತಿದ್ದರು. ಕೂರುವ ಕಡೆ ಮೆತ್ತೆ ಹಾಕಿದ್ದರು. ಮೂಲೆಯಲ್ಲಿ ಹಸಿರು ಪೆಟ್ಟಿಗೆ, ಇನ್ನೊಂದು ಮೂಲೆಯಲ್ಲಿ ಬುಟ್ಟಿ ತುಂಬ ಹೊಸ ರಬ್ಬರ್ ರೆಕ್ಕೆಗಳು, ಈಜುವಾಗ ಕಾಲಿಗೆ ಹಾಕಿಕೊಳ್ಳುವಂಥವು. ಚುಕ್ಕಾಣಿ ಹಿಡಿದು ನಿಂತಿದ್ದವನು ಚಿಪ್ಪಕ್ಕನ ಸೋದರಮಾವ. ಅಂದಿಗೆಂದು ಕೊಟ್ಟ ಬಿಳಿ ಅಂಗಿಯೊಳಗೆ ಮುದುಕ ಬೆವರಿ ಹೋಗಿದ್ದ.

"ಇಳೀರೇ, ಇಳೀರೇ! ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರೇ! ಇದು ಮಂತ್ರಿ ಬೋಟು ಕಣ್ರೇ!"

"ಮಾವ, ನಿನ್ನ ಕಾಗೆ ಇದು," ಎಂದಳು ಚಿಪ್ಪಕ್ಕ. "ನೋಡು ಮುಖ. ನಿನ್ನ ತೊಡೆ ಮೇಲೆ ಕೂತು ಚುಕ್ಕಾಣಿ ಹಿಡಿಯೋಕೆ ಕಲ್ತೋನು. ನೋಡು, ನೋಡಿ ಇಳಿಸು."

ಮುದುಕ ನೋಡಿದ. ಎಂಜಿನ್ನಿನ ಕಡೆ ಕೈ ಚಾಚಿದ. ಅಷ್ಟರಲ್ಲಿ ಮಾಸ್ತರ ಓಡುತ್ತ ಬಂದು ಬೋಟಿಗೆ ಹಾರಿದ. ಹಸಿರು ಪೆಟ್ಟಿಗೆ ತೆಗೆದು, ಕೊಳವೆ ಜೋಡಿಸಿ, ತಮ್ಮನ ಮೂಗು ಬಾಯಿಗೆ ಬಟ್ಟಲನ್ನು ಒತ್ತಿ ಹಿಡಿದ. "ಹೀಗೆ ಹಿಡ್ಕೊಂಡಿರಿ. ಬಿಡಬೇಡಿ. ತಲೆ ಎತ್ತಿ ಕೂರಿಸ್ಬೇಡಿ, ಮಲಗೇ ಇರ್ಲಿ." ಮತ್ತೆ ಕಟ್ಟೆಗೆ ಹಾರಿಕೊಂಡ.

"ನೀನೂ ಬಾರಪ್ಪ!" ಎಂದು ಚಿಪ್ಪಕ್ಕ ಕೂಗಿದಳು.

"ನಾನು... ನನ್ನಿಂದ ಆಗಲ್ಲ ಅಮ್ಮ," ಎಂದ. ಕಂಬಕ್ಕೆ ಕಟ್ಟಿದ ಹಗ್ಗವನ್ನು ಬಿಚ್ಚಿ ನೀರಿಗೆ ಬಿಟ್ಟು, ಕೈಗಳನ್ನು ಜೇಬಿಗೆ ತುರುಕಿಕೊಂಡು ಜನರೊಳಗೆ ನಡೆದುಹೋದ.

ಎಂಜಿನ್ನಿನ ಸದ್ದಿಗೆ ಎಲ್ಲರೂ ತಿರುಗಿದರು. ಧಣಿ ಕಟ್ಟೆಯುದ್ದಕ್ಕೂ ಓಡಿಬಂದ, ಕೈಯಲ್ಲಿ ಹಾರ ಹಾಗೇ ಇತ್ತು.

"ನಿಲ್ಸೋ ಬೋಳಿಮಗನೇ! ಮುದಿಯಾ, ನಿನ್ನ ಚರ್ಮ ಸುಲೀತೀನಿ! ಏಯ್ ಚಿಪ್ಪಿ, ಸೂಳೆ, ಇಳಿಯೇ ಕೆಳಗೆ! ನಿಮ್ಮ ಕೇರೀಲಿ ಒಂದು ಗೋಡೆ ಉಳಿಸಲ್ಲ ಕಣ್ರೇ!"

ಚಿಪ್ಪಕ್ಕ ಅವನತ್ತ ತಿರುಗಿ ಅರಚಿದಳು. "ಬೀಳ್ಸೋ! ಬೀಳ್ಸೋ ಹಲ್ಕಾ ನನ್ಮಗನೇ! ಇದ್ದ ಗೋಡೇನೂ ನೀನೇ ತಿಂದಿದೀಯಾ! ನಿನ್ನ ಮಂತ್ರೀನ ನೀನೇ ಹೆಗಲ ಮೇಲೆ ಹೊತ್ಕೊಂಡು ಮುಳುಗೋ!"

ಅವಳ ಹಿಂದೆ ಒಬ್ಬಳು ಬಾಯಿಯ ಬಟ್ಟೆ ಬಿಚ್ಚಿ ಗಾಳಿಗೆ ಬಿಟ್ಟಳು. ಇನ್ನೊಬ್ಬಳು ಬಿಚ್ಚಿದಳು. ಕಟ್ಟೆಯ ಮೇಲೆ ಮಂತ್ರಿಗಳು ಹೊರಗೆ ಬಂದಿದ್ದರು. ಕರಿಯ ರಬ್ಬರ್ ಅಂಗಿಯಲ್ಲಿ, ಜಿಪ್ಪು ಅರ್ಧಕ್ಕೆ ನಿಂತು, ಹೊಟ್ಟೆಯ ಬಿಳಿ ಚರ್ಮ ಇಣುಕುತ್ತಿತ್ತು. ಕ್ಯಾಮೆರಾದವರು ಯಾವ ಕಡೆ ತಿರುಗಬೇಕೋ ತಿಳಿಯದೆ ನಿಂತಿದ್ದರು.

ನಡುಗಡಲಿಗೆ ಬಂದಾಗ ಬಂದರಿನ ಕಟ್ಟಡಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣತೊಡಗಿದವು. ಚಿಪ್ಪಕ್ಕ ತಮ್ಮನ ತಲೆಯ ಪಕ್ಕ ಮಂಡಿಯೂರಿ ಬಟ್ಟಲನ್ನು ಒತ್ತಿ ಹಿಡಿದಿದ್ದಳು. ಅವನ ಉಸಿರಿಗೆ ಬಟ್ಟಲಿನ ಒಳಮೈ ಮಂಜಾಗುತ್ತಿತ್ತು, ತಿಳಿಯಾಗುತ್ತಿತ್ತು. ತುಟಿಗೆ ಒಂದಿಷ್ಟು ಕೆಂಪು ಬಂದ ಹಾಗೆ ಅವಳಿಗೆ ಕಂಡಿತು. "ಬರ್ತಿದೆ ಕಣೇ, ಬಣ್ಣ ಬರ್ತಿದೆ," ಎಂದಳು.

ಆಗ ಎಂಜಿನ್ ಕೆಮ್ಮಿತು. ಮಾವ ಗೇರು ತಿರುಗಿಸಿದ, ಬಯ್ದ, ಬಡಿದ. ಇನ್ನೊಂದು ಸಲ ಕೆಮ್ಮಿ ನಿಂತೇ ಹೋಯಿತು. ಎಲ್ಲಿಂದಲೋ ಕಡಲಿನ ಸದ್ದು ಒಮ್ಮೆಲೇ ಬಂದು ಕಿವಿ ತುಂಬಿತು.

"ಏನಾಯ್ತು ಮಾವ?"

ಮುದುಕ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದ. ಕಡ್ಡಿ ಒಣಗಿತ್ತು. "ಆ ಲೌಡಿಮಗ," ಎಂದ, ಅಳುವ ದನಿಯಲ್ಲಿ. "ಹವಳದ ದಿಬ್ಬಕ್ಕೆ ಹೋಗಿ ಬರೋಕೆ ಎಷ್ಟು ಬೇಕೋ ಅಷ್ಟೇ ಹಾಕ್ಸಿದಾನೆ ಮಗಳೇ. ನಾನು ಎಲ್ಲಿ ಕದೀತೀನೋ ಅಂತ."

ಸೆಳೆತ ಬೋಟನ್ನು ಮೆಲ್ಲಗೆ ಅಡ್ಡಕ್ಕೆ ತಿರುಗಿಸತೊಡಗಿತು. ನೀರು ಎಳೆಯಲು ಹುಟ್ಟುಗೋಲು ಇರಲಿಲ್ಲ. ಮಂತ್ರಿಗಳ ಬೋಟಿನಲ್ಲಿ ಹುಟ್ಟು ಚೆನ್ನಾಗಿ ಕಾಣುವುದಿಲ್ಲವೆಂದು ತೆಗೆಸಿದ್ದರು. ಹರೆಯದವಳೊಬ್ಬಳು ಬಿಕ್ಕತೊಡಗಿದಳು. ತಮ್ಮನ ಹೆಂಡತಿ ಬುಟ್ಟಿಯನ್ನು ಎಳೆದು, ರಬ್ಬರ್ ರೆಕ್ಕೆಗಳನ್ನು ತೆಗೆದು, ಒಬ್ಬೊಬ್ಬಳ ಮಡಿಲಿಗೆ ಎಸೆದಳು. ತಾನೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅಂಚಿಗೆ ಬಗ್ಗಿ, ಹೂವಿನ ಸರದ ಮೇಲೆ ಹೊಟ್ಟೆಯೂರಿ ನೀರು ಎಳೆದಳು. ಮತ್ತೆ ಎಳೆದಳು. ಉಳಿದವರೂ ಎರಡೂ ಬದಿಗೆ ಹಂಚಿಕೊಂಡು ಬಗ್ಗಿದರು. ಬೋಟು ಮೊದಲು ಅಲ್ಲಾಡಿತು, ಆಮೇಲೆ ಒಲ್ಲದ ಎಮ್ಮೆಯ ಹಾಗೆ ಮುಂದಕ್ಕೆ ಹೊರಳಿತು.

ಕಾವಲಿನವರ ಬೋಟು ಹಿಂದಿನಿಂದ ನೊರೆ ಎಬ್ಬಿಸುತ್ತ ಬಂತು. ಅಧಿಕಾರಿ ಮುಂದೆ ನಿಂತಿದ್ದ, ಕೈಯಲ್ಲಿ ಧ್ವನಿವರ್ಧಕ.

"ಬೋಟು ನಿಲ್ಲಿಸಿ! ಬೋಟು ನಿಲ್ಲಿಸಿ!"

"ನಿಂತೇ ಇದೆಯಲ್ರೋ!" ಎಂದು ಮಾವ ಕೂಗಿದ. "ಡೀಸೆಲ್ ಇಲ್ಲ!"

ಚಿಪ್ಪಕ್ಕ ಒಂದು ಕೈಯಲ್ಲಿ ಬಟ್ಟಲು ಹಿಡಿದೇ ಇನ್ನೊಂದು ಕೈ ಎತ್ತಿದಳು. "ಸಾಹೇಬ್ರೇ, ಹಗ್ಗ ಎಸೀರಿ! ಬಂದರಿಗೆ ಎಳ್ಕೊಂಡು ಹೋಗಿ! ಆಮೇಲೆ ನಮ್ಮನ್ನ ಜೈಲಿಗಾದ್ರೂ ಹಾಕಿ, ಕೊಂದಾದ್ರೂ ಹಾಕಿ! ಇವನನ್ನ ಮುಟ್ಟಿಸಿ ಸಾಕು!"

ಅಧಿಕಾರಿ ಪಕ್ಕದವನಿಗೆ ಏನೋ ಹೇಳಿದ. ಹಗ್ಗ ಹಾರಿಬಂತು, ತುದಿಯ ಕೊಕ್ಕೆ ಬೋಟಿನ ಮೂತಿಗೆ ಕಚ್ಚಿತು. "ಬಂತು, ಬಂತು!" ಎಂದು ಹೆಂಗಸರು ರೆಕ್ಕೆಗಳನ್ನು ಎತ್ತಿಕೊಂಡು ಕೂತರು. ಚಿಪ್ಪಕ್ಕನ ಕಣ್ಣಿನ ನೀರು ಕೆನ್ನೆಗೆ ಇಳಿಯಿತು. ಹಗ್ಗ ಬಿಗಿಯಿತು. ಬೋಟಿನ ಮೂತಿ ನಿಧಾನವಾಗಿ ತಿರುಗಿತು. ಬಂದರಿನ ಕಟ್ಟಡಗಳು ಎಡಕ್ಕೆ ಸರಿದು, ಮಾವನ ಬಿಳಿ ಅಂಗಿಯ ಹಿಂದೆ ಮರೆಯಾಗಿ, ಬೆನ್ನ ಕಡೆಗೆ ಹೋದವು. ಎದುರಿಗೆ ದ್ವೀಪ ಬಂತು.

"ಆ ಕಡೆ ಅಲ್ಲ ಸಾಹೇಬ್ರೇ! ಆ ಕಡೆ ಅಲ್ಲ!"

"ಮಂತ್ರಿಗಳು ಕಾಯ್ತಿದಾರೆ," ಎಂದಿತು ಧ್ವನಿವರ್ಧಕ. "ಮೊದಲು ಬೋಟು ವಾಪಸ್."

ಚಿಪ್ಪಕ್ಕ ಕೂಗುತ್ತಲೇ ಇದ್ದಳು. ಏನು ಕೂಗುತ್ತಿದ್ದೇನೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಅವಳ ಕೈಯ ಕೆಳಗೆ ತಮ್ಮನ ಕಣ್ಣು ತೆರೆದಿದ್ದವು, ಆಕಾಶ ನೋಡುತ್ತಿದ್ದವು. ಹಸಿರು ಪೆಟ್ಟಿಗೆಯ ಮೇಲಿನ ಮುಳ್ಳು ಕೆಂಪು ಗೆರೆಗೆ ಬಂದು ಮುಟ್ಟಿತ್ತು.

ತಮ್ಮನ ಹೆಂಡತಿ ಗಂಡನ ಸೊಂಟಕ್ಕೆ ಕೈ ಹಾಕಿದಳು. ಅವನ ಬೆಲ್ಟಿನಲ್ಲಿ ಕಲ್ಲಿನ ಹಗ್ಗ ಬಿಡಿಸಲು ಒಯ್ದ ಚಾಕು ಇನ್ನೂ ಇತ್ತು. ಅದನ್ನು ಎಳೆದುಕೊಂಡು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಮುಂದಕ್ಕೆ ಹೋದಳು. ಬಿಗಿದ ಹಗ್ಗದ ಮೇಲೆ ಅದನ್ನು ಗರಗಸದ ಹಾಗೆ ಎಳೆದಳು. ಒಂದೊಂದೇ ಎಳೆ ಸಿಡಿಯಿತು. ಕೊನೆಯದು ಸಿಡಿದಾಗ ಕಾವಲಿನ ಬೋಟು ಮುಗ್ಗರಿಸಿ ಮುಂದಕ್ಕೆ ಹಾರಿತು, ಅಧಿಕಾರಿ ಕುಸಿದು ಕೂತ.

"ಹಾಕ್ರೇ!" ಎಂದಳು ಅವಳು.

ರೆಕ್ಕೆಗಳು ಮತ್ತೆ ನೀರಿಗೆ ಬಿದ್ದವು. ಬೋಟು ಅರೆಬರೆ ತಿರುಗಿ, ನಿಂತು, ಮತ್ತೆ ತಿರುಗಿತು. ಮಾವ ಚುಕ್ಕಾಣಿಯನ್ನು ಎದೆಗೆ ಅವಚಿಕೊಂಡು ಬಂದರಿನ ಕಡೆ ಹಿಡಿದ. ಚಿಪ್ಪಕ್ಕ ಬಟ್ಟಲಿನ ಒಳಮೈಯನ್ನೇ ನೋಡುತ್ತಿದ್ದಳು. ಮಂಜು ಕಟ್ಟಿತು. ತಿಳಿಯಾಯಿತು. ಎಷ್ಟೋ ಹೊತ್ತು ತಿಳಿಯಾಗಿಯೇ ಇತ್ತು. ಆಮೇಲೆ ಒಂದಿಷ್ಟು ಕಟ್ಟಿತು.

ಕಾವಲಿನ ಬೋಟು ದೊಡ್ಡದೊಂದು ಸುತ್ತು ಹಾಕಿ ಹಿಂತಿರುಗುತ್ತಿತ್ತು. ಅಧಿಕಾರಿ ಎದ್ದು ನಿಂತಿದ್ದ, ಕೈಯಲ್ಲಿ ಇನ್ನೊಂದು ಹಗ್ಗ. ತಮ್ಮನ ಹೆಂಡತಿ ಚಾಕು ಹಿಡಿದು ಬೋಟಿನ ಮೂತಿಯ ಮೇಲೆ ಹತ್ತಿ ನಿಂತಳು.